ಮನೆತನದ ಮೂಗಿನ ಇನ್‌ಸ್ಪೆಕ್ಷನ್

ನನ್ನ ಗಂಡನ ಮನೆಯವರ ಮೂಗು ಅವರಿಗಿಂತ ಮೊದಲು ಬಾಗಿಲೊಳಗೆ ಬರುತ್ತದೆ. ನಡುವೆ ಒಂದು ಉಬ್ಬು, ತುದಿಯಲ್ಲಿ ಬಾಗು. ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲರಿಗೂ ಅದೇ. ಮಗಳು ಹುಟ್ಟಿದಾಗ ಉಳಿದದ್ದೆಲ್ಲ ನನ್ನದು, ಮೂಗು ಮಾತ್ರ ಅವರದು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಇವರಿಗೆ, ಅಂದರೆ ನನ್ನ ಗಂಡನಿಗೆ, ಆ ಮೂಗೇ ಮುದ್ದು. ಮನೆಗೆ ಯಾರೇ ಬರಲಿ, ಚಹಾ ಕೊಡುವ ಮೊದಲೇ ಮಗಳ ಗದ್ದ ಹಿಡಿದು ಮುಖವನ್ನು ಪಕ್ಕಕ್ಕೆ ತಿರುಗಿಸಿ, "ನೋಡ್ರಿ, ನಮ್ಮ ಮನೆತನದ ಮೂಗು. ಸಾವಿರ ಮಂದ್ಯಾಗ ನಿಂತ್ರೂ ಗುರ್ತು ಸಿಗ್ತೈತಿ" ಎಂದು ತೋರಿಸುತ್ತಿದ್ದರು.

ನಾವು ಧಾರವಾಡದ ಕಡೆಯವರು. ಇವರ ಬ್ಯಾಂಕಿನ ವರ್ಗಾವಣೆ ನಮ್ಮನ್ನು ನಾಸಿಕಕ್ಕೆ ತಂದು ಹಾಕಿತು. ಮುಂದಿನ ವರ್ಗಾವಣೆ ಇವರೊಬ್ಬರನ್ನೇ ಛತ್ರಪತಿ ಸಂಭಾಜಿನಗರಕ್ಕೆ ಎಳೆದುಕೊಂಡು ಹೋಯಿತು. ಅಲ್ಲಿ ಕೃಷಿ ಸಾಲದ ಕೆಲಸ. ಗಂಗಾಪುರ, ಸಿಲ್ಲೋಡ್ ಸುತ್ತಿ ಬಾವಿಯಲ್ಲಿ ನೀರಿದೆಯೋ, ಹೊಲದಲ್ಲಿ ಹತ್ತಿ ಇದೆಯೋ ಎಂದು ಕಣ್ಣಾರೆ ಕಂಡ ಮೇಲೆಯೇ ಸಹಿ ಹಾಕುವ ಮನುಷ್ಯ. ರಜೆ ಬಂದರೆ ಬಸ್ಸು ಹಿಡಿದು ನಾಸಿಕದ ಮನೆಗೆ ಬರುತ್ತಾರೆ. ಮಗಳು ಸಿನ್ನರ್‌ನ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಇಲ್ಲೇ ಬೆಳೆದವಳು, ಕನ್ನಡದಲ್ಲಿ ಮಾತು ಶುರು ಮಾಡಿದರೂ ಅರ್ಧ ದಾರಿಗೆ ಮರಾಠಿ ಹತ್ತುತ್ತಾಳೆ.

ಒಂದು ದಿನ ನಾನು ಚಪಾತಿ ಲಟ್ಟಿಸುತ್ತಿದ್ದಾಗ ಬಂದು ಪಕ್ಕದಲ್ಲಿ ನಿಂತಳು. "ಮಮ್ಮಿ, ನಂಗ ಮೂಗಿನ ಸರ್ಜರಿ ಮಾಡಿಸ್ಕೋಬೇಕು. ಆಕಾರ ಬದಲಿ ಮಾಡ್ತಾರಲ್ಲ, ಅದು. ನಕ್ಕಿ, ಪಕ್ಕಾ."

ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುತ್ತದೆ. "ಇರೋ ಮೂಗಿಗೆ ಏನ್ ಧಾಡಿ ಆಗೇತಿ?" ಎಂದೆ.

"ನಿನ್ನ ಮೂಗು ನೆಟ್ಟಗೈತಿ. ನಿನಗ ತಿಳಿಯಂಗಿಲ್ಲ."

ಅವಳಿಗೆ ಕತ್ತರಿಯ ಹೆದರಿಕೆ ಇರಲಿಲ್ಲ, ಅಪ್ಪನ ಹೆದರಿಕೆ ಇತ್ತು. ನಿಮ್ಮ ಮೂಗು ನನಗೆ ಬೇಡ ಎಂದು ಆ ಮನುಷ್ಯನಿಗೆ ಯಾವ ಬಾಯಿಂದ ಹೇಳುವುದು? "ಪಪ್ಪಾಗ ಬ್ಯಾಸರಾದ್ರ ನಾ ಮಾಡಿಸ್ಕೊಳ್ಳಂಗಿಲ್ಲ" ಎಂದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು.

ಕೊನೆಗೆ ಫೋನಿನಲ್ಲಿ ನಾನೇ ಹೇಳಿದೆ. ಏನೇನು ಮಾಡುತ್ತಾರೆಂದು ಎರಡೆರಡು ಸಲ ಕೇಳಿಕೊಂಡರು. ಆಮೇಲೆ, "ಮೊದಲ ಇನ್‌ಸ್ಪೆಕ್ಷನ್ ಆಗ್ಲಿ" ಎಂದರು. ತಾವಿರುವ ಊರಲ್ಲೇ ನಾಲ್ಕು ಜನರನ್ನು ವಿಚಾರಿಸಿ ಒಬ್ಬ ಡಾಕ್ಟರನ್ನು ಗೊತ್ತು ಮಾಡಿದರು. ನಾನೂ ಮಗಳೂ ಸಂಭಾಜಿನಗರಕ್ಕೆ ಹೋದೆವು.

ಡಾಕ್ಟರು ನನ್ನ ವಯಸ್ಸಿನ ಮರಾಠಿ ಹೆಂಗಸು. ಎದುರಿಗೆ ಕುಳಿತ ಅಪ್ಪನನ್ನೂ ಮಗಳನ್ನೂ ನೋಡಿ, "ಯಾರಿಗೆ ಮಾಡಬೇಕು?" ಎಂದು ಕೇಳಿದರು. ನಗು ತಡೆಯಲಾಗದೆ ನಾನು ಕೆಮ್ಮಿದೆ.

ಇವರು ಬಾವಿಯ ದಂಡೆಯಲ್ಲಿ ರೈತನನ್ನು ಕೇಳುವ ಧಾಟಿಯಲ್ಲೇ ಶುರು ಮಾಡಿದರು. ಇಂಥ ಮೂಗು ನೀವು ಎಷ್ಟು ಮಾಡಿದ್ದೀರಿ? ಹಳೆಯವರ ಮುಂಚಿನ, ಆಮೇಲಿನ ಫೋಟೋ ತೋರಿಸುತ್ತೀರಾ? ಅರಿವಳಿಕೆ ಕೊಡುವವರು ಯಾರು? ರಾತ್ರಿ ಹೆಚ್ಚುಕಡಿಮೆಯಾದರೆ ಆಸ್ಪತ್ರೆಯಲ್ಲಿ ಯಾರಿರುತ್ತಾರೆ? ನೆಟ್ಟಗೆ ಬರದಿದ್ದರೆ ಮುಂದೇನು? ಪುಣ್ಯಕ್ಕೆ ಜಾಮೀನುದಾರರು ಯಾರು ಎಂದು ಕೇಳಲಿಲ್ಲ.

ಡಾಕ್ಟರು ಬೇಸರಿಸದೆ ಒಂದೊಂದಕ್ಕೂ ಉತ್ತರ ಕೊಟ್ಟರು. ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, ನಡುಗೋಡೆ ಒಂದು ಕಡೆ ವಾಲಿದೆ, ಉಸಿರಾಟಕ್ಕೂ ಅಡ್ಡಿಯಾಗುತ್ತಿರಬೇಕು, ಎರಡನ್ನೂ ಒಟ್ಟಿಗೆ ಸರಿಪಡಿಸಬಹುದು ಎಂದರು. ಕಂಪ್ಯೂಟರಿನಲ್ಲಿ ತೋರಿಸುವ ಹೊಸ ಮೂಗು ಅಂದಾಜು ಮಾತ್ರ, ಅದೇ ಬರುತ್ತದೆಂದು ಯಾರಾದರೂ ಮಾತು ಕೊಟ್ಟರೆ ಎದ್ದು ಬನ್ನಿ ಎಂದು ಎಚ್ಚರಿಸಿದರು. ಮೊದಮೊದಲು ಕಣ್ಣಿನ ಕೆಳಗೆ ಕಪ್ಪಾಗುತ್ತದೆ, ಮುಖ ಊದುತ್ತದೆ. ಪೂರ್ತಿ ಬಾವು ಇಳಿದು ಮೂಗು ತನ್ನ ರೂಪಕ್ಕೆ ಬರಲು ವರ್ಷವೇ ಹಿಡಿಯಬಹುದು. ಕೆಲವು ವಾರ ಮೂಗಿನ ಮೇಲೆ ಕನ್ನಡಕದ ಭಾರ ಬೀಳಬಾರದು. ಕೆಲವರಿಗೆ ಎರಡನೇ ಸಲವೂ ಮಾಡಬೇಕಾಗುತ್ತದೆ. ಇವರು ತಲೆದೂಗುತ್ತಾ ಕೇಳಿದರು.

ಆಮೇಲೆ ಡಾಕ್ಟರು ಮಗಳನ್ನು ಕೇಳಿದರು: "ನಿನಗೆ ಯಾಕೆ ಬೇಕು? ಯಾರಾದರೂ ಏನಾದರೂ ಅಂದರೇ?" ಮಗಳು ಅಪ್ಪನ ಕಡೆ ನೋಡಿ ತಲೆ ತಗ್ಗಿಸಿದಳು. ಡಾಕ್ಟರು ಒತ್ತಾಯಿಸದೆ ಅವಳನ್ನು ಫೋಟೋ ತೆಗೆಸಲು ಪಕ್ಕದ ಕೋಣೆಗೆ ಕಳಿಸಿದರು.

ಅವಳು ಅತ್ತ ಹೋದದ್ದೇ ತಡ, ಇವರು ಕುರ್ಚಿ ಮುಂದಕ್ಕೆ ಎಳೆದುಕೊಂಡು ತಮ್ಮ ಹರಕು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು: "ಡಾಕ್ಟರ್, ಈ ವಯಸ್ಸಿಗೆ ನನ್ನದೂ ಆಗುತ್ತದೆಯೇ?"

ನನಗೆ ಕಿವಿ ಕೆಟ್ಟಿತೇನೋ ಅನ್ನಿಸಿತು. ಯಾವಾಗಿನಿಂದ ಬೇಡವಾಗಿದೆ ಎಂದು ಡಾಕ್ಟರು ಕೇಳಿದರು. ಶಾಲೆಯಲ್ಲಿದ್ದಾಗಿನಿಂದ ಎಂದು ಹೇಳಿ ಇವರು ನನ್ನ ಕಡೆ ತಿರುಗಿದರು, ಮಾತು ಕನ್ನಡಕ್ಕೆ ಇಳಿಯಿತು. "ಸಾಲ್ಯಾಗ ಗಿಣಿಮೂಗ ಅಂತ ಕರೀತಿದ್ರು. ಮಂದಿ ಅನ್ನೂಕಿಂತ ಮೊದಲ ನಾನ ಹೊಗಳ್ಕೊಂಬಿಟ್ರ ಬಾಯಿ ಮುಚ್ಕೋತಾರ ಅಂತ ಕಲ್ತೆ. ಇಕಿಗೂ ಯಾರೂ ಏನೂ ಅನ್ನಬಾರದಂತ ಎಲ್ಲಾರ ಮುಂದ ಹೊಗಳ್ತಿದ್ದೆ."

ಮಗಳು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಪಪ್ಪಾ, ನಂಗ ಶಾಳೇತ... ಸಾಲ್ಯಾಗ ಯಾರೂ ಕಾಡ್ಲಿಲ್ಲ" ಎಂದಳು. "ನೀವ ತೋರಿಸ್ತಿದ್ರಿ. ಅದಕ್ಕ ಎಲ್ಲಾರೂ ನೋಡ್ತಿದ್ರು."

ಇವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು. "ತಪ್ಪಾತವಾ" ಎಂದರು. ಆ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಕಡಿಮೆ.

"ಆದ್ರೂ ನಂಗ ಮಾಡಿಸ್ಕೋಬೇಕು" ಎಂದಳು ಮಗಳು, ಈ ಸಲ ತಲೆ ತಗ್ಗಿಸದೆ.

"ಮಾಡಿಸ್ಕೋ. ನಾ ರಜಾ ಹಾಕಿ ಜೋಡಿ ಇರ್ತೀನಿ."

ಅವಳು ಬಂದು ಅವರ ಪಕ್ಕದಲ್ಲಿ ಕುಳಿತಳು. "ನಿಮಗೂ ಬೇಕಿದ್ರ ಮಾಡಿಸ್ಕೋರಿ ಪಪ್ಪಾ. ನಂಗೇನ ಬ್ಯಾಸರಿಲ್ಲ."

"ನಂಗೈತಿ" ಎಂದೆ.

ಮೂವರೂ ನನ್ನ ಕಡೆ ತಿರುಗಿದರು. ಇನ್ನು ಹಿಂದೆಗೆಯುವಂತಿರಲಿಲ್ಲ. "ಕನ್ಯಾ ನೋಡಾಕ ಬಂದಾಗ ಆ ಮೂಗು ನೋಡೇ ನಾ ಹ್ಞೂಂ ಅಂದದ್ದು. ನಿಮ್ಮ ಪಗಾರ ನೋಡಿ ಅಂತ ತಿಳ್ಕೊಂಡೀರೇನು?"

ಇವರು ನನ್ನನ್ನೇ ನೋಡಿದರು. "ಇಷ್ಟು ವರ್ಷ ಒಂದ್ಸಲಾನೂ ಹೇಳ್ಲಿಲ್ಲಲ್ಲ."

"ಹೇಳಾಕ ನೀವೆಲ್ಲಿ ಬಿಟ್ರಿ? ನಿಮ್ಮ ಹೊಗಳಿಕಿನ ಮುಗೀತಿರಲಿಲ್ಲ."

ಅವರ ಮುಖ ಕಿವಿಯ ತನಕ ಕೆಂಪಾಯಿತು. ಕನ್ನಡಕ ಹಾಕಿಕೊಂಡರು. ಡಾಕ್ಟರಿಗೆ ಕನ್ನಡ ಬರುವುದಿಲ್ಲ ಎನ್ನುವುದನ್ನೂ ಮರೆತು, "ನನ್ನ ಅರ್ಜಿ ವಾಪಸ್ ತಗೊಂಡೀನ್ರಿ, ಮಗಳದಷ್ಟ ಮಾಡ್ರಿ" ಎಂದರು. ಮಗಳು ಮೂಗು ಒರೆಸಿಕೊಳ್ಳುತ್ತಾ ಅದನ್ನು ಮರಾಠಿಯಲ್ಲಿ ಹೇಳಿದಳು.