ಗಾಳಿ ಮಗುಚಿದ ಹಾಳೆ

ಶ್ರಾವಣದಲ್ಲಿ ಸಾಲಗುಂದದ ಬೀಗರ ಮನೆಗೆ ಹೋಗಿದ್ದೆ. ಅವರ ಹತ್ತು ವರ್ಷದ ಮೊಮ್ಮಗಳು ಈರಮ್ಮ ದೇವರ ಜಗಲಿಯ ಮುಂದೆ ಕೂತು ದೇವಿಪುರಾಣ ಓದುತ್ತಿದ್ದಳು. ಗಾಳಿ ಬೀಸಿ ನಾಲ್ಕೈದು ಹಾಳೆ ಮಗುಚಿಬಿದ್ದವು. ಓದು ನಿಲ್ಲಲಿಲ್ಲ, ಒಂದು ಮಾತೂ ತಪ್ಪಲಿಲ್ಲ.

"ದೇವಿ ಬಂದಾಳ," ಎಂದು ಪುರಾಣ ಕೇಳಲು ಕೂತಿದ್ದ ಹೆಂಗಸರು ಕೈಮುಗಿದರು. ನಾನೂ ಮುಗಿದೆ.

"ಸಾಲ್ಯಾಗ ಮಾತ್ರ ದಡ್ಡಿ ರೀ. ಬೋರ್ಡ್ ಮ್ಯಾಲಿಂದು ಒಂದಕ್ಷರ ಬರಿಯಂಗಿಲ್ಲ," ಎಂದರು ಬೀಗರು.

ಓದು ಮುಗಿದ ಮೇಲೆ ಹುಡುಗಿಯನ್ನು ಮೆಲ್ಲಗೆ ಕೇಳಿದೆ: "ಹಾಳಿ ಮಗುಚಿದ್ದು ನೋಡಿದೇನವ್ವಾ?"

"ಅಜ್ಜಿ ಓದಿದ್ದು ಕೇಳಿ ಕೇಳಿ ಬಾಯಿಗೆ ಬಂದೈತಿ ತಾತ. ಪುಸ್ತಕದಾಗ ಬರೇ ಇರುವಿ ಹರದಾಡತಾವ. ನಿಮಗೂ ಹಂಗ ಅಲ್ಲೇನ್ರಿ?"

ಮರುದಿನ ನಾನೇ ಅವಳನ್ನು ಸಿಂಧನೂರಿಗೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ದಪ್ಪ ಕನ್ನಡಕ ಕೊಟ್ಟರು. ಈಗ ಈರಮ್ಮ ಬೆರಳಿಟ್ಟು, ತಡವರಿಸಿ, ನಿಜವಾಗಿ ಓದುತ್ತಾಳೆ. ಆ ಹೆಂಗಸರಿಗೆ ಮಾತ್ರ ನನ್ನ ಮೇಲೆ ಸಿಟ್ಟು. ಬಂದಿದ್ದ ದೇವಿಯನ್ನು ಓಡಿಸಿದವನು ನಾನೇ ಅಂತೆ.