ದೇವಿಯ ಬೆನ್ನು ಕಂಡದ್ದು

೧೯೬೬, ಮೇ ತಿಂಗಳ ಎರಡನೆಯ ಶನಿವಾರ, ಬೆಳಗ್ಗೆ ಹತ್ತು ಗಂಟೆ. ಸಾಗರದ ಹತ್ತಿರದ ಒಂದು ಪುಟ್ಟ ವಸ್ತುಸಂಗ್ರಹಾಲಯದ ಬಾಗಿಲಲ್ಲಿ ಹಾಜರಿದ್ದವರು: ನಾನು, ನಮ್ಮ ಯಜಮಾನರು, ಮೊಮ್ಮಕ್ಕಳಾದ ಎಂಟು ವರ್ಷದ ವಸುಧಾ, ಆರು ವರ್ಷದ ರಘು.

ಮೂವತ್ತು ವರ್ಷ ಹೊಸನಗರದಲ್ಲಿ ನರ್ಸಾಗಿದ್ದವಳು ನಾನು. ಗಡಿಯಾರ ನೋಡದೆ ನಕ್ಕದ್ದೂ ಕಡಿಮೆ. "ಅಜ್ಜಿ ಜೊತೆ ಇನ್ನೆಲ್ಲಿಗೂ ಬರಲ್ಲ. ದಸರಾ ರಜಕ್ಕೆ ಅತ್ತೆ ಮನೆಗೇ ಹೋಗ್ತೀನಿ" ಎಂದು ವಸುಧಾ ಹಿಂದಿನ ವಾರವಷ್ಟೇ ಸಾರಿದ್ದಳು. ಅವಳ ಮನಸ್ಸು ತಿರುಗಿಸಲೆಂದೇ ಈ ಪ್ರವಾಸ. ಅದಕ್ಕೂ ನಾನು ಪಟ್ಟಿ ಬರೆದುಕೊಂಡು ಹೋಗಿದ್ದೆ: ಹದಿನಾಲ್ಕು ವಸ್ತು, ತಲಾ ಮೂರು ನಿಮಿಷ!

ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ರಘು ಆಕಳಿಸಿದ. ವಸುಧಾ ನೆಲದ ಕಲ್ಲು ಎಣಿಸುತ್ತಿದ್ದಳು.

"ಇದೆಂತ ಮಾರಾಯ್ತಿ, ವಾರ್ಡ್ ರೌಂಡಾ? ಆ ಹಳೇ ಕತ್ತಿಗೂ ಥರ್ಮಾಮೀಟರ್ ಇಟ್ಬಿಡು" ಎಂದರು ಯಜಮಾನರು.

ಐದನೆಯದು ಕೋಣೆಯ ನಡುವೆ ನಿಂತ ಕಲ್ಲಿನ ದೇವಿ. ದೇವರು ಕಂಡಲ್ಲಿ ಮೂರು ಸುತ್ತು, ಒಂದು ನಮಸ್ಕಾರ ಎಂಬುದು ನಾನೇ ಹಾಕಿಕೊಟ್ಟ ಕಟ್ಟಳೆ. ಮಕ್ಕಳು ಚಪ್ಪಲಿ ಕಳಚಿ ಸುತ್ತತೊಡಗಿದರು. "ಅಮ್ಮಾ, ಇಲ್ಲಿ ಪೂಜೆ ಇಲ್ಲ, ಬರೀ ನೋಡೋದಷ್ಟೇ" ಎಂದು ಕಾವಲುಗಾರ ನಕ್ಕ. ನನಗೋ ನಾಚಿಕೆ. ಆದರೆ ಎರಡನೆಯ ಸುತ್ತಿಗೆ ಹೋದ ಮಕ್ಕಳು ಮುಂದಕ್ಕೆ ಬರಲೇ ಇಲ್ಲ.

"ಅಜ್ಜೀ, ಬೇಗ್ ಬಾ! ದೇವ್ರಿಗೆ ಜಡೆ ಇದೆ!"

ಹೋಗಿ ನೋಡಿದೆ. ಅರವತ್ತು ವರ್ಷದಲ್ಲಿ ಎಷ್ಟು ಗುಡಿ ಸುತ್ತಿದ್ದೇನೋ, ದೇವರ ಬೆನ್ನು ಮಾತ್ರ ಕಂಡಿರಲಿಲ್ಲ. ಗುಡಿಯಲ್ಲಿ ನಾವು ಸುತ್ತುವುದು ಗೋಡೆಯನ್ನು. ಬೆನ್ನು ಒಳಗೇ ಉಳಿಯುತ್ತದೆ. ಯಾರೂ ನೋಡದ ಆ ಬೆನ್ನಿಗೆ ಶಿಲ್ಪಿ ಜಡೆ ಹೆಣೆದು, ಉದ್ದಕ್ಕೂ ಹೂ ಮುಡಿಸಿದ್ದ. ತುದಿಯ ಒಂದು ಹೂ ಮಾತ್ರ ಅರಳದೆ ಬರೀ ಕಲ್ಲಿನ ಉಂಡೆಯಾಗಿ ಉಳಿದಿತ್ತು.

"ಊಟಕ್ಕೆ ಕರ್ದಿರ್ಬೇಕು, ಬಿಟ್ಟು ಓಡ್ದ" ಎಂದ ರಘು.

"ಅಲ್ವೋ, ಅವನಿಗೂ ಒಬ್ಳು ಅಜ್ಜಿ ಇದ್ಲು. ಟೈಮಾಯ್ತು, ನಡಿ ಅಂದ್ಲು" ಎಂದಳು ವಸುಧಾ.

ಯಜಮಾನರು ಕಾವಲುಗಾರನ ಭುಜ ಹಿಡಿದುಕೊಂಡು ನಕ್ಕರು. ನಾನು ಪಟ್ಟಿ ಮಡಿಸಿ ಚೀಲಕ್ಕೆ ಹಾಕಿದೆ. ಮುಂದೆ ಕಂಡ ಎರಡು ವಿಗ್ರಹಗಳಿಗೂ ಮೊದಲು ಬೆನ್ನು, ಆಮೇಲೆ ಮುಖ. ಮೂವತ್ತು ವರ್ಷ ರೋಗಿಗಳಿಗೆ "ತಿರುಗಿ, ಬೆನ್ನು ತೋರಿಸಿ" ಎಂದವಳಿಗೆ ಇದು ಮೊದಲೇ ಹೊಳೆಯಬೇಕಿತ್ತು! ನೋಡಿದ್ದು ಒಟ್ಟು ಏಳೇ ವಸ್ತು. ಮಧ್ಯಾಹ್ನದ ಬಸ್ಸೂ ತಪ್ಪಿತು.

ಆ ದಿನದ ಕೊನೆಯ ಕೆಲಸ, ಸಂಜೆ ಆರೂವರೆಗೆ, ವಸುಧಾಳ ಜಡೆ. ಎಂದೂ ಎರಡು ನಿಮಿಷದ್ದು, ಅಂದು ಕಾಲು ಗಂಟೆ ಹಿಡಿಯಿತು. ಉದ್ದಕ್ಕೂ ಮಲ್ಲಿಗೆ ಸಿಕ್ಕಿಸಿ ತುದಿಗೆ ಬಂದಾಗ ಅವಳು ನನ್ನ ಕೈ ಹಿಡಿದಳು.

"ಅದೊಂದು ಬಿಡಜ್ಜೀ. ದಸರಾ ರಜಕ್ಕೆ ಬಂದಾಗ ಮುಡ್ಸು."

ಬಾಚಣಿಗೆ ತೊಳೆದಿಟ್ಟೆ. ಹೂ ಒಂದು ಕಡಿಮೆಯಿತ್ತು, ಕೆಲಸ ಮುಗಿದಿತ್ತು.