ದುಂಡನೆಯ ಲಗ್ನಪತ್ರಿಕೆ

ಸಕಲೇಶಪುರದಿಂದ ಬಿಸಿಲೆವರೆಗೂ ನಾನು ಚಂದ ಮಾಡಿಕೊಟ್ಟ ಲಗ್ನಪತ್ರಿಕೆ ಇಲ್ದೆ ಒಂದು ಮದುವೆಯೂ ಆಗಿಲ್ಲ, ಆಗಿದ್ರೂ ಬಾಳಿಲ್ಲ. ನಂಗೆ ಓದು ಬರಲ್ಲ. ಮದುವೆ ಮನೆಯೋರು ಚೀಟಿಗಳಲ್ಲಿ ಹೆಸರು ಬರೆದುಕೊಡ್ತಾರೆ, ನಾನು ಅವನ್ನ ಕಾಗದದ ಮೇಲೆ ಅಂದವಾಗಿ ಕೂರಿಸ್ತೀನಿ.

ಹೋದ ವರ್ಷ ಮಾರನಹಳ್ಳಿ ಕಡೆಯ ಎಸ್ಟೇಟಿನ ಅಣ್ತಮ್ಮ ಇಬ್ಬರು ಬಂದ್ರು. ತಮ್ಮನ ಮಗಳ ಮದುವೆ.

“ಸ್ವಾಗತ ಕೋರೋರಲ್ಲಿ ನನ್ನ ಹೆಸರು ಮೊದಲು. ಹಿರಿಯ ನಾನು,” ಅಂದ ಅಣ್ಣ.

“ಹೆಣ್ಣು ಹೆತ್ತೋನು ನಾನು ಕಣಣ್ಣ!”

“ಹಂಗಾದ್ರೆ ಧಾರೆಗೆ ನನ್ನ ಕಾಯಬೇಡ.”

ತಮ್ಮನ ಮುಖ ಬಾಡಿಹೋಯ್ತು. ದೊಡ್ಡಪ್ಪನಿಲ್ಲದ ಧಾರೆ ಅಂದ್ರೆ ಗಂಡಿನ ಕಡೆಯೋರು ಸುಮ್ನಿರ್ತಾರಾ?

“ಜಗಳ ಬಿಡಿ ಗೌಡ್ರೇ,” ಅಂದು ಕಾಗದವನ್ನ ತಟ್ಟೆಯಂಗೆ ದುಂಡಗೆ ಕತ್ತರಿಸಿ, ಎಲ್ಲರ ಹೆಸರನ್ನೂ ಅಂಚಿನ ಸುತ್ತ ಕೂರಿಸಿದೆ. ಯಾರು ಹಿಡಿದ್ರೂ ತಿರುಗಿಸಿ ತನ್ನ ಹೆಸರನ್ನೇ ಮೇಲಿಟ್ಕೋಬೋದು. ಇಂಥ ಬುದ್ಧಿ ದಿಲ್ಲಿಯಲ್ಲಿ ಯಾರಿಗೈತೆ ಹೇಳಿ! ಅಣ್ತಮ್ಮ ಅಪ್ಪಿಕೊಂಡ್ರು. ಪತ್ರಿಕೆ ಅಚ್ಚಾಗಿ ಊರೆಲ್ಲ ಹಂಚಿದ್ದೂ ಆಯ್ತು.

ಆಮೇಲೆ ಮದುಮಗಳು ಒಂದನ್ನ ಹಿಡ್ಕೊಂಡು ಬಂದ್ಲು. “ತಾತ, ಇದ್ರಲ್ಲಿ ಮದುವೆ ಯಾರದು?”

ಗಂಡು-ಹೆಣ್ಣಿನ ಹೆಸರು ಬರೆದುಕೊಡೋದು ಅಣ್ತಮ್ಮ ಇಬ್ಬರಿಗೂ ಮರೆತೋಗಿತ್ತು. ಅಷ್ಟು ದೊಡ್ಡ ರಾಜಿ ಮಾಡಿಸೋವಾಗ ಅಂಥ ಸಣ್ಣಪುಟ್ಟದ್ದು ಬಿಟ್ಟೋಗೋದೇ ಕಣ್ರೀ.